ಒಂದೇ ವರ್ಷಕ್ಕೆ 1.28 ಮತ್ತು 0.77: ಮೂರು ತಾಪಮಾನ ದಾಖಲೆಗಳನ್ನು ಪಕ್ಕಪಕ್ಕ ಇಟ್ಟಾಗ

ಭೂಮಿ ಎಷ್ಟು ಬಿಸಿಯಾಗಿದೆ ಅಂತ ವಾದ ಶುರುವಾದರೆ ಒಬ್ಬರು ನಾಸಾ ಅಂಕಿ ಹಿಡಿದುಕೊಳ್ಳುತ್ತಾರೆ, ಇನ್ನೊಬ್ಬರು ಉಪಗ್ರಹದ ಅಂಕಿ ತರುತ್ತಾರೆ. 2024ಕ್ಕೆ ನಾಸಾ ಹೇಳುವುದು 1.28 ಡಿಗ್ರಿ ಸೆಲ್ಸಿಯಸ್ ಏರಿಕೆ. ಅಲಬಾಮಾ ವಿಶ್ವವಿದ್ಯಾಲಯದ ಹಂಟ್ಸ್‌ವಿಲ್ ತಂಡದ ಉಪಗ್ರಹ ದಾಖಲೆ, ಅಂದರೆ ಯುಎಎಚ್, ಹೇಳುವುದು 0.77. ಅರ್ಧ ಡಿಗ್ರಿ ವ್ಯತ್ಯಾಸ! ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅನ್ನಿಸುತ್ತೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಅದಕ್ಕೇ ಇವೆರಡನ್ನೂ, ಜೊತೆಗೆ ಬ್ರಿಟನ್ನಿನ ಹ್ಯಾಡ್‌ಕ್ರಟ್5 ದಾಖಲೆಯನ್ನೂ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ಜೋಡಿಸಿದೆ.

ಗುಟ್ಟು ಇರುವುದು ಸೊನ್ನೆಯಲ್ಲಿ, ಅಂದರೆ ಏರಿಕೆಯನ್ನು ಯಾವ ಮಟ್ಟದಿಂದ ಅಳೆಯುತ್ತಾರೆ ಅನ್ನುವುದರಲ್ಲಿ. ನಾಸಾಗೆ 1951–1980ರ ಸರಾಸರಿಯೇ ಸೊನ್ನೆ. ಯುಎಎಚ್‌ಗೆ 1991–2020. ಅಷ್ಟರಲ್ಲಿ ಭೂಮಿ ಆಗಲೇ ಬಿಸಿಯಾಗಿತ್ತು. ನಾಸಾ ಸಾಲಿನಲ್ಲಿ 1991–2020ರ ಸರಾಸರಿ ತೆಗೆದೆ, ಸುಮಾರು 0.61 ಬಂತು. 1.28ರಿಂದ ಅದನ್ನು ಕಳೆದರೆ 0.67. ಅಂದರೆ ಆ ವರ್ಷ ಉಪಗ್ರಹದ ಅಂಕಿಯೇ ಸ್ವಲ್ಪ ಜಾಸ್ತಿ! ಹ್ಯಾಡ್‌ಕ್ರಟ್5ನ 1.53 ಅನ್ನುವ ಅಂಕಿಯೂ ಹೀಗೇ, ಅದನ್ನು ಅಳೆದಿರುವುದು 1850–1900ರ ಮಟ್ಟದಿಂದ.

ಯುಎಎಚ್ ಅಳೆಯುವುದು ನಾವು ನಿಂತಿರುವ ನೆಲದ ಬಿಸಿಯನ್ನಲ್ಲ. ಗಾಳಿಯಲ್ಲಿರುವ ಆಮ್ಲಜನಕ ಸೂಸುವ ಮೈಕ್ರೋವೇವ್ ಹಿಡಿದು, ಕೆಳಗಿನ ಹಲವು ಕಿಲೋಮೀಟರ್ ವಾತಾವರಣದ ಬಿಸಿಯನ್ನು ಲೆಕ್ಕ ಹಾಕುತ್ತದೆ. ಎಲ್ ನಿನೊ, ಅಂದರೆ ಪೆಸಿಫಿಕ್ ಸಮುದ್ರದ ನೀರು ಆಗಾಗ ಬಿಸಿಯೇರುವ ವಿದ್ಯಮಾನ, ಬಂದಾಗ ಅಲ್ಲಿ ಏರಿಳಿತ ಜಾಸ್ತಿ. 1998 ಅಂಥ ವರ್ಷ. ನಾನು 1998ರಿಂದ 2012ರವರೆಗೆ ಮಾತ್ರ ಗೆರೆ ಎಳೆದು ನೋಡಿದೆ. ಶುರುವಿನ ವರ್ಷವೇ ಅಷ್ಟು ಬಿಸಿಯಾಗಿದ್ದರಿಂದ ಏರಿಕೆಯೇ ಕಾಣಲಿಲ್ಲ. ದಾಖಲೆ ಶುರುವಾದ 1978ರ ಕೊನೆಯಿಂದ 2024ರವರೆಗೆ ಎಳೆದಾಗ ದಶಕಕ್ಕೆ ಸುಮಾರು 0.15 ಡಿಗ್ರಿ ಏರಿಕೆ. ಅದೇ ಅವಧಿಗೆ ನಾಸಾದ್ದು ಸುಮಾರು 0.2. ಈ ವ್ಯತ್ಯಾಸ ನಿಜವಾದದ್ದು, ಚರ್ಚಿಸಬೇಕಾದದ್ದು. ಆದರೆ ಎರಡೂ ಮೇಲಕ್ಕೇ ಹೋಗುತ್ತಿವೆ.

ಬಳಸಲು ಸುಲಭ ನಾಸಾದ್ದೇ: 1880ರಿಂದ ತಿಂಗಳ ಲೆಕ್ಕ, ಒಂದೇ ಕೋಷ್ಟಕ. ಆದರೂ ವಾದಕ್ಕೆ ಕೂತರೆ ನಾನು ತೆಗೆಯುವುದು ಹ್ಯಾಡ್‌ಕ್ರಟ್5. ಅದು 1850ರಿಂದ ಇದೆ. ಜೊತೆಗೆ ಒಂದೇ ಉತ್ತರ ಕೊಟ್ಟು ಸುಮ್ನಾಗುವುದಿಲ್ಲ, 200 ಸಂಭವನೀಯ ಸಾಲುಗಳನ್ನು ಕೊಡುತ್ತದೆ. ಹಳೆಯ ವರ್ಷಗಳಲ್ಲಿ ಆ ಸಾಲುಗಳು ಒಂದರಿಂದೊಂದು ದೂರ ಹರಡಿಕೊಳ್ಳುತ್ತವೆ, ಈಚೆಗೆ ಬಂದ ಹಾಗೆ ಹತ್ತಿರವಾಗುತ್ತವೆ. ಎಲ್ಲಿ ನಂಬಿಕೆ ಗಟ್ಟಿ, ಎಲ್ಲಿ ಸಡಿಲ ಅಂತ ಕಣ್ಣಿಗೇ ಕಾಣುತ್ತದೆ. ನನಗೆ ಇದು ತುಂಬಾ ಇಷ್ಟವಾಯಿತು.

‘ಹಳೇ ಅಂಕಿಗಳನ್ನು ತಿದ್ದಿದ್ದಾರಲ್ಲ’ ಅನ್ನುವ ಆಕ್ಷೇಪ ಈ ದಾಖಲೆಯ ಮೇಲೂ ಬರುತ್ತದೆ. ತಿದ್ದಿರುವುದು ನಿಜ. ಹಿಂದೆ ಹಡಗಿನವರು ಬಕೆಟ್ ಇಳಿಸಿ ಸಮುದ್ರದ ನೀರು ಎತ್ತುತ್ತಿದ್ದರು. ಥರ್ಮಾಮೀಟರ್ ಅದ್ದುವ ಹೊತ್ತಿಗೆ ಗಾಳಿಗೆ ಆವಿಯಾಗಿ ನೀರು ತಣ್ಣಗಾಗುತ್ತಿತ್ತು. ಆಮೇಲೆ ಎಂಜಿನ್ನಿಗೆ ಎಳೆದುಕೊಳ್ಳುವ ನೀರನ್ನೇ ಅಳೆಯತೊಡಗಿದರು. ಬಕೆಟ್ಟಿನ ಈ ತಪ್ಪನ್ನು ಸರಿಪಡಿಸಿದರೆ ಹಳೆಯ ಸಮುದ್ರ ಇನ್ನಷ್ಟು ಬೆಚ್ಚಗಾಗುತ್ತದೆ. ಹಾಗಾಗಿ ನೆಲ, ಸಮುದ್ರ ಎರಡರ ತಿದ್ದುಪಡಿಗಳನ್ನೂ ಸೇರಿಸಿ ನೋಡಿದರೆ, ಶತಮಾನದ ಒಟ್ಟು ಏರಿಕೆ ತಿದ್ದದ ಅಂಕಿಗಳಲ್ಲಿ ಇರುವುದಕ್ಕಿಂತ ಕಡಿಮೆಯೇ ಬರುತ್ತದೆ.