ಕಲಬುರಗಿಯಲ್ಲಿ ಕಲೇಜಿ-ಉಳ್ಳಾಗಡ್ಡಿ: ದರ್ಗಾದ ತವಾ, ಖಾನಾವಳಿ, ಎಸಿ ಹೋಟೆಲ್

ಕಲಬುರಗಿಯಲ್ಲಿ ತಹರಿ (ಮಸಾಲೆ ಅನ್ನ) ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ಕೇಳಿದರೆ ಹತ್ತು ಜನ ಹತ್ತು ಹೋಟೆಲ್ ಹೇಳುತ್ತಾರೆ. ಕಲೇಜಿ, ಅಂದರೆ ಲಿವರ್, ಎಲ್ಲಿ ಎಂದು ಕೇಳಿ ನೋಡಿ, ಯಾರೂ ತಟ್ಟನೆ ಹೇಳುವುದಿಲ್ಲ. ಮೆನುವಿನಲ್ಲಿ ಹೆಸರೇನೋ ಇರುತ್ತದೆ. ಮೆತ್ತಗೆ ಬೆಂದ ಕಲೇಜಿ, ಜೊತೆಗೆ ಹದವಾಗಿ ಹುರಿದ ಉಳ್ಳಾಗಡ್ಡಿ ಸಿಗುವುದು ಮಾತ್ರ ಅಪರೂಪ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಖ್ವಾಜಾ ಬಂದೇ ನವಾಜ್ ದರ್ಗಾ ಕಡೆಯ ಒಂದು ಸಣ್ಣ ತವಾ ಅಂಗಡಿ. ಬೆಳಿಗ್ಗೆ ಹೋಗಬೇಕು. ಒಂದು ಆಡಿಗೆ ಇರುವುದು ಒಂದೇ ಕಲೇಜಿ, ಅಂದಿನ ಮಾಲು ಬೇಗ ಮುಗಿಯುತ್ತದೆ. "ಭಾಯ್, ಈಗ ಹಾಕಿ ಕೊಡ್ತೀರೇನ್ರಿ?" ಎಂದು ಕೇಳಿದರೆ ನಮ್ಮ ಕಣ್ಣೆದುರೇ ಶುರು ಮಾಡುತ್ತಾರೆ. ಮೊದಲು ಉದ್ದಕ್ಕೆ ಹೆಚ್ಚಿದ ಉಳ್ಳಾಗಡ್ಡಿ ತವಾಕ್ಕೆ ಬೀಳುತ್ತದೆ. ಅದರ ತುದಿ ಕೆಂಪಗಾದ ಕೂಡಲೇ ಪಕ್ಕಕ್ಕೆ ಸರಿಸಿ, ನಡುವಿನ ಬಿಸಿ ಜಾಗಕ್ಕೆ ಶುಂಠಿ-ಬೆಳ್ಳುಳ್ಳಿ, ಅರಿಶಿನ ಸವರಿದ ಕಲೇಜಿ ಹಾಕುತ್ತಾರೆ. ತುಂಡುಗಳು ಒಂದೇ ಅಳತೆ, ಮೇಲಿನ ತೆಳು ಪೊರೆ ತೆಗೆದಿರುತ್ತಾರೆ. ಪೊರೆ ಉಳಿದರೆ ಬಿಸಿಗೆ ಮುದುಡಿಕೊಂಡು ಹಲ್ಲಿಗೆ ಸಿಕ್ಕುತ್ತದೆ. ಕೆಂಪು ನೀರು ನಿಂತ ಮೇಲೆ ಉಳ್ಳಾಗಡ್ಡಿಯನ್ನು ಎಳೆದು ಕೂಡಿಸಿ, ಉಪ್ಪು, ಕರಿಮೆಣಸು ಉದುರಿಸಿ ಇಳಿಸುತ್ತಾರೆ. ನಿಂಬೆಹಣ್ಣು ನಾವೇ ಹಿಂಡಿಕೊಳ್ಳಬೇಕು. ಉಳ್ಳಾಗಡ್ಡಿಯ ಸಿಹಿ, ಕಲೇಜಿಯ ಸಣ್ಣ ಕಹಿ ಎರಡೂ ಒಂದೇ ತುತ್ತಿನಲ್ಲಿ ಬರುತ್ತವೆ. ಕೂರಲು ಜಾಗ ಕಡಿಮೆ, ಬೇಸಿಗೆಯಲ್ಲಿ ತವಾದ ಝಳ ಬೇರೆ. ಆದರೂ ನಾನು ಹೋಗುವುದು ಅಲ್ಲಿಗೇ.

ಬಸ್ ನಿಲ್ದಾಣದ ಹತ್ತಿರ ಒಂದು ಸಾವಜಿ ಖಾನಾವಳಿ ಇದೆ. ಅಲ್ಲಿನ ರುಚಿಯೇ ಬೇರೆ. ಒಣಕೊಬ್ಬರಿ, ಗಸಗಸೆ, ಕೆಂಪು ಖಾರ ಹಾಕಿದ ಕಪ್ಪಗಿನ ಮಸಾಲೆ, ಬಿಸಿ ಜೋಳದ ರೊಟ್ಟಿ. ಆ ರಸದಲ್ಲಿ ರೊಟ್ಟಿ ಅದ್ದಿ ತಿಂದರೆ ಎರಡು ರೊಟ್ಟಿ ಜಾಸ್ತಿಯೇ ಹೋಗುತ್ತವೆ. ತೊಂದರೆ ಇರುವುದು ಕಲೇಜಿಯಲ್ಲಿ. ಮಟನ್ ಜೊತೆಗೇ ಅದನ್ನೂ ಬೇಯಿಸುತ್ತಾರೆ. ಮಟನ್‌ಗೆ ಬೇಕಾದಷ್ಟು ಹೊತ್ತು ಕಲೇಜಿ ಬೆಂದರೆ ಗಟ್ಟಿಯಾಗಿ ಪುಡಿಪುಡಿ ಆಗುತ್ತದೆ. ಉಳ್ಳಾಗಡ್ಡಿ ಮಸಾಲೆಯಲ್ಲಿ ಅರೆದು ಹೋಗಿರುತ್ತದೆ, ಹಸಿ ಉಳ್ಳಾಗಡ್ಡಿ ಪಕ್ಕದಲ್ಲಿ ಕೊಡುತ್ತಾರೆ ಅಷ್ಟೇ. ರೊಟ್ಟಿ ಊಟ ಬೇಕಿದ್ದವರಿಗೆ ಇದು ಒಳ್ಳೆಯ ಜಾಗ. ಕಲೇಜಿಗಾಗಿಯೇ ಹೋಗಬೇಡಿ.

ಸ್ಟೇಷನ್ ರಸ್ತೆಯ ಕಡೆ ಒಂದು ಎಸಿ ಹೋಟೆಲ್‌ನಲ್ಲಿ 'ಲಿವರ್ ಪೆಪ್ಪರ್ ಫ್ರೈ' ತಿಂದೆ. ತಟ್ಟೆ ಚೆಂದ, ಮನೆಮಂದಿ ಜೊತೆ ಆರಾಮಾಗಿ ಕೂರಬಹುದು. ಬಂದಿದ್ದು ಕೋಳಿಯ ಲಿವರ್. ಮೆತ್ತಗಿತ್ತು, ನಿಜ. ಆದರೆ ಸಾಸ್ ರುಚಿಯೇ ಮುಂದೆ, ಉಳ್ಳಾಗಡ್ಡಿ ಅರೆಬೆಂದ ಚೌಕದ ತುಂಡು. ಮೊದಲ ಸಲ ಲಿವರ್ ತಿನ್ನುವವರಿಗೆ, ವಾಸನೆ ಆಗದವರಿಗೆ ಇದು ಸರಿ ಅನ್ನಿಸಬಹುದು.

ಇಂಥ ಕಡೆ ಆರ್ಡರ್ ಮಾಡುವ ಮೊದಲು ಆಡಿನದೋ ಕೋಳಿಯದೋ ಎಂದು ಕೇಳಿಬಿಡಿ. ಗರ್ಭಿಣಿಯರು ಮನೆಯಲ್ಲಿದ್ದರೆ ಅವರಿಗೆ ಬಡಿಸುವ ಮುನ್ನ ಡಾಕ್ಟರ್‌ನ ಒಂದು ಮಾತು ಕೇಳಿ, ಲಿವರ್‌ನಲ್ಲಿ ವಿಟಮಿನ್ ಎ ತುಂಬಾ ಜಾಸ್ತಿ ಇರುತ್ತದೆ. ಮತ್ತೆ, ತವಾ ಕಲೇಜಿಯನ್ನು ಪಾರ್ಸೆಲ್ ಮಾತ್ರ ತರಬೇಡಿ. ಕಟ್ಟಿದ ಪೊಟ್ಟಣದ ಬಿಸಿಗೇ ಅದು ಇನ್ನಷ್ಟು ಬೇಯುತ್ತಾ ಹೋಗಿ, ಮನೆ ಸೇರುವಷ್ಟರಲ್ಲಿ ಬಿರುಸಾಗಿರುತ್ತದೆ.