ಎಪ್ಪತ್ತೆಂಟರ ಕೈಗೆ ಕಟ್ಟಿದ ಫಿಟ್‌ನೆಸ್ ಬ್ಯಾಂಡ್: ಒಂದು ವಿಮರ್ಶೆ

ಎರಡು ಸಾವಿರ ರೂಪಾಯಿ ಆಸುಪಾಸಿನ ಫಿಟ್‌ನೆಸ್ ಬ್ಯಾಂಡ್‌ಗಳ ಬಗ್ಗೆ ಬರುವ ವಿಮರ್ಶೆಗಳಲ್ಲಿ ಹೆಚ್ಚಿನವು ಜಿಮ್‌ಗೆ ಹೋಗುವವರನ್ನೋ ಬೆಳಗಿನ ಹೊತ್ತು ಓಡುವವರನ್ನೋ ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಈ ವಿಮರ್ಶೆ ಬೇರೆ ಬಗೆಯ ಬಳಕೆಯನ್ನು ಕುರಿತದ್ದು. ನಮ್ಮ ಅತ್ತೆಯವರಿಗೆ ಎಪ್ಪತ್ತೆಂಟು ವರ್ಷ. ಸಕ್ಕರೆ ಕಾಯಿಲೆ ಬಂದು ಎರಡು ದಶಕ ದಾಟಿದೆ. ಮಾತ್ರೆಗಳ ಜೊತೆಗೆ ರಾತ್ರಿ ಇನ್ಸುಲಿನ್ ಇದೆ, ಪಾದಗಳಲ್ಲಿ ಜೋಮು ಇದೆ, ಮನೆಯೊಳಗೆ ವಾಕರ್ ಹಿಡಿದೇ ಓಡಾಡುತ್ತಾರೆ. ಇಂಥವರ ಕೈಗೆ ಕಟ್ಟಿದಾಗ ಈ ಸಾಧನ ಏನನ್ನು ಸರಿಯಾಗಿ ಅಳೆಯುತ್ತದೆ, ಏನನ್ನು ತಪ್ಪಾಗಿ ಅಳೆಯುತ್ತದೆ, ಅಳೆದದ್ದನ್ನು ನಾವು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದಷ್ಟೇ ಇಲ್ಲಿನ ವಿಷಯ. ಈ ಬೆಲೆಯ ಬ್ಯಾಂಡ್‌ಗಳ ಗುಣದೋಷಗಳು ಬಹುಮಟ್ಟಿಗೆ ಒಂದೇ ತೆರನಾಗಿರುವುದರಿಂದ ಕಂಪನಿಯ ಹೆಸರನ್ನು ಹೇಳುತ್ತಿಲ್ಲ.

ಮೊದಲಿಗೆ ಕಟ್ಟುವುದರ ಬಗ್ಗೆ. ರಬ್ಬರಿನ ಪಟ್ಟಿಗೆ ಇರುವ ಗುಂಡಿಯನ್ನು ರಂಧ್ರಕ್ಕೆ ಒತ್ತಿ ಕೂರಿಸಬೇಕು. ಗಂಟುನೋವಿರುವ ಬೆರಳುಗಳಿಗೆ ಅದು ಸಾಧ್ಯವಾಗದ ಕೆಲಸ. ಹೊರಗೆ ಸಿಗುವ, ಅಂಟಿಸಿ ಬಿಡಿಸುವ ಬಟ್ಟೆಯ ಪಟ್ಟಿಯನ್ನು ಹಾಕಿಸಿದ ಮೇಲೆ ಅತ್ತೆಯವರೇ ಕಟ್ಟಿಕೊಳ್ಳುವಂತಾಯಿತು. ಪರದೆಯ ಅಕ್ಷರಗಳು ಸಣ್ಣವು, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿರುವವರಿಗೂ ಬಿಸಿಲಿನಲ್ಲಿ ಓದಲಾಗುವುದಿಲ್ಲ. ನಾವು ಕೊಂಡ ಬ್ಯಾಂಡಿನ ಆ್ಯಪ್‌ನಲ್ಲಿ ಕನ್ನಡ ಇಲ್ಲ. ಹಾಗಾಗಿ ಬ್ಯಾಂಡ್ ಅವರ ಕೈಯಲ್ಲಿ, ಆ್ಯಪ್ ನನ್ನ ಫೋನಿನಲ್ಲಿ ಎಂಬ ವ್ಯವಸ್ಥೆಗೆ ಬಂದೆವು. ವಯಸ್ಸಾದವರಿಗಾಗಿ ಇದನ್ನು ಕೊಳ್ಳುವ ಪ್ರತಿ ಮನೆಯಲ್ಲೂ ಬಹುಶಃ ಹೀಗೆಯೇ ಆಗುತ್ತದೆ. ಇದರಲ್ಲಿ ಒಂದು ಮುಜುಗರವೂ ಇದೆ: ಮನೆಯ ಹಿರಿಯರು ಎಷ್ಟು ಹೊತ್ತಿಗೆ ಎದ್ದರು, ಎಷ್ಟು ಹೊತ್ತು ಕುಳಿತೇ ಇದ್ದರು ಎಂಬುದನ್ನು ಸೊಸೆ ಫೋನಿನಲ್ಲಿ ನೋಡುತ್ತಿರುವುದು ಅವರ ಒಪ್ಪಿಗೆಯ ಮೇಲೆಯೇ ನಡೆಯಬೇಕಾದ ಸಂಗತಿ.

ಆ್ಯಪ್ ತೆರೆದ ಕೂಡಲೇ ದಿನದ ಗುರಿ ಹತ್ತು ಸಾವಿರ ಹೆಜ್ಜೆ ಎಂದು ತಾನೇ ನಿಗದಿ ಮಾಡಿಕೊಂಡಿತ್ತು. ಈ ಸಂಖ್ಯೆಯ ಮೂಲ ವೈದ್ಯಶಾಸ್ತ್ರದಲ್ಲಿಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಾಟಕ್ಕೆ ತಂದ ಹೆಜ್ಜೆ ಎಣಿಸುವ ಯಂತ್ರದ ಪ್ರಚಾರದಿಂದ ಅದು ಲೋಕಕ್ಕೆಲ್ಲ ಹರಡಿತು. 2019ರಲ್ಲಿ ಅಮೆರಿಕದಲ್ಲಿ ಸರಾಸರಿ 72 ವರ್ಷ ವಯಸ್ಸಿನ ಸುಮಾರು ಹದಿನೇಳು ಸಾವಿರ ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ, ದಿನಕ್ಕೆ 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಗಮನಾರ್ಹವಾಗಿ ಕಡಿಮೆ ಇದ್ದುದು, ಸುಮಾರು 7,500ರ ನಂತರ ಹೆಚ್ಚುವರಿ ಲಾಭ ಕಾಣದಿದ್ದುದು ಕಂಡುಬಂದಿತು. ಆ ಮಹಿಳೆಯರು ಕೂಡ ಸ್ವತಂತ್ರವಾಗಿ ಓಡಾಡಿಕೊಂಡಿದ್ದವರು. ವಾಕರ್ ಹಿಡಿದು ನಡೆಯುವವರಿಗೆ ಆ ಅಂಕಿಯೂ ದೂರದ್ದೇ. ನಾವು ಗುರಿಯನ್ನು ಆ್ಯಪ್ ಅನುಮತಿಸುವ ಅತ್ಯಂತ ಕಡಿಮೆ ಸಂಖ್ಯೆಗೆ ಇಳಿಸಿದೆವು. ಪ್ರತಿ ಸಂಜೆ ‘ಗುರಿ ತಲುಪಿಲ್ಲ’ ಎಂಬ ಕೆಂಪು ಸೂಚನೆಯನ್ನು ನೋಡಿ ಒಬ್ಬ ಹಿರಿಯರು ತಮ್ಮನ್ನೇ ಹಳಿದುಕೊಳ್ಳುವಂತೆ ಮಾಡುವುದರಲ್ಲಿ ಯಾವ ಆರೋಗ್ಯವೂ ಇಲ್ಲ.

ಗುರಿ ಇಳಿಸಿದ ಮೇಲೂ ಎಣಿಕೆ ಸರಿಬರಲಿಲ್ಲ. ಮಣಿಕಟ್ಟಿನ ಬ್ಯಾಂಡ್ ಹೆಜ್ಜೆಯನ್ನು ಗುರುತಿಸುವುದು ಕೈಬೀಸಿನಿಂದ. ವಾಕರ್ ಹಿಡಿದವರ ಕೈ ಬೀಸುವುದಿಲ್ಲ. ನಿಧಾನವಾಗಿ, ಪಾದ ಎಳೆದು ನಡೆಯುವವರ ದೇಹದಲ್ಲಿ ಸಾಧನಕ್ಕೆ ಹೆಜ್ಜೆಯೆಂದು ಗೊತ್ತಾಗುವಷ್ಟು ಅಲುಗಾಟವೂ ಇರುವುದಿಲ್ಲ. ಅತ್ತೆಯವರು ನಡುಮನೆಯಿಂದ ಹಿತ್ತಲಿನವರೆಗೆ ಹಲವು ಸಲ ಹೋಗಿಬಂದ ದಿನವೂ ಪರದೆಯಲ್ಲಿ ಕಂಡದ್ದು ಅಲ್ಪವೇ. ಅದೇ ಅವರು ಕುಳಿತು ಮಜ್ಜಿಗೆ ಕಡೆದ ದಿನ ಸಂಖ್ಯೆ ಏರಿತ್ತು. ‘ಏನಮ್ಮಾ, ಇಷ್ಟು ಓಡಾಡಿದ್ದು ಇದಕ್ಕೆ ಲೆಕ್ಕವೇ ಇಲ್ಲವಾ?’ ಎಂದು ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ನಿಧಾನ ನಡಿಗೆಯವರಲ್ಲಿ ಬ್ಯಾಂಡನ್ನು ಕಣಕಾಲಿಗೆ ಕಟ್ಟಿದರೆ ಎಣಿಕೆ ಸುಧಾರಿಸುತ್ತದೆ ಎಂಬುದು ನಿಜ. ಆದರೆ ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶಜ್ಞಾನ ಕುಂದಿರುವವರಿಗೆ, ಸಂಜೆಯ ಹೊತ್ತಿಗೆ ಪಾದ ಊದಿಕೊಳ್ಳುವವರಿಗೆ, ಕಾಲಿಗೆ ಪಟ್ಟಿ ಬಿಗಿಯುವುದನ್ನು ನಾನು ಒಪ್ಪುವುದಿಲ್ಲ. ಪಟ್ಟಿ ಒತ್ತಿ ಚರ್ಮ ಕೆಂಪಾದರೂ ಅವರಿಗೆ ನೋವು ತಿಳಿಯದು, ಆ ಗಾಯ ಮಾಯಲು ತಿಂಗಳುಗಳೇ ಬೇಕಾಗಬಹುದು.

ಈ ಬಗೆಯ ಸಾಧನಗಳ ಬಗ್ಗೆ ನನ್ನ ದೊಡ್ಡ ಆಕ್ಷೇಪ ಹೆಜ್ಜೆಯ ಲೆಕ್ಕಕ್ಕಿಂತ ತೂಕದ ಲೆಕ್ಕದ್ದು. ಆ್ಯಪ್‌ನಲ್ಲಿ ತೂಕ ದಾಖಲಿಸುವ ಅವಕಾಶವಿದೆ, ತೂಕ ಇಳಿದರೆ ಅದು ಹಸಿರು ಗೆರೆ ತೋರಿಸಿ ಅಭಿನಂದಿಸುತ್ತದೆ. ನಲವತ್ತರ ಹರೆಯದ, ಹೊಟ್ಟೆ ಬಂದಿರುವ ಮಧುಮೇಹಿಗೆ ಅದು ಸರಿ. ಕೃಶವಾಗುತ್ತಿರುವ ಹಿರಿಯರ ವಿಷಯದಲ್ಲಿ ಅದೇ ಇಳಿಕೆ ಅಪಾಯದ ಗುರುತು. ವೃದ್ಧಾಪ್ಯದ ನಿಶ್ಶಕ್ತಿಯನ್ನು ಗುರುತಿಸಲು ಅಮೆರಿಕದ ವೃದ್ಧಾಪ್ಯ ತಜ್ಞೆ ಲಿಂಡಾ ಫ್ರೀಡ್ ಮತ್ತು ಸಂಗಡಿಗರು 2001ರಲ್ಲಿ ಮುಂದಿಟ್ಟ, ಇಂದಿಗೂ ವೈದ್ಯರು ಬಳಸುವ ಐದು ಲಕ್ಷಣಗಳಲ್ಲಿ ಮೊದಲನೆಯದೇ ಪ್ರಯತ್ನವಿಲ್ಲದೆ ವರ್ಷದಲ್ಲಿ ಸುಮಾರು ನಾಲ್ಕೂವರೆ ಕಿಲೊ ತೂಕ ಕಳೆದುಕೊಳ್ಳುವುದು. ಸದಾ ಬಳಲಿಕೆ, ಕೈಹಿಡಿತದ ದೌರ್ಬಲ್ಯ, ನಡಿಗೆಯ ನಿಧಾನ ಮತ್ತು ಚಟುವಟಿಕೆಯ ಕೊರತೆ ಉಳಿದವು. ಮೂರು ಅಥವಾ ಹೆಚ್ಚು ಇದ್ದರೆ ನಿಶ್ಶಕ್ತಿ ಎಂದು ಎಣಿಸುತ್ತಾರೆ. ಇಳಿಯುವ ತೂಕದಲ್ಲಿ ಕರಗುವುದು ಕೊಬ್ಬು ಮಾತ್ರವಲ್ಲ, ಸ್ನಾಯುವೂ ಹೌದು. ಊಟವಾದ ಮೇಲೆ ರಕ್ತದ ಸಕ್ಕರೆಯನ್ನು ಬಹುಪಾಲು ಹೀರಿಕೊಳ್ಳುವುದು ಆ ಸ್ನಾಯುವೇ ಆದ್ದರಿಂದ ಅದು ಕರಗಿದಷ್ಟೂ ಬೀಳುವ ಭಯ ಮತ್ತು ಶುಗರ್ ಎರಡೂ ಕೈಮೀರುತ್ತವೆ. ‘ಸಕ್ಕರೆ ಕಾಯಿಲೆ ಇದೆ, ಕಡಿಮೆ ತಿನ್ನಿ’ ಎಂದು ಮನೆಯವರೂ ನೆರೆಯವರೂ ಹೇಳಿ ಹೇಳಿ, ಒಂದು ಸಣ್ಣ ಮುದ್ದೆ ಮತ್ತು ತಿಳಿಸಾರಿಗೆ ಊಟ ಮುಗಿಸುವ ಹಿರಿಯರು ನಮ್ಮಲ್ಲಿ ಕಡಿಮೆಯೇನಿಲ್ಲ. ಅವರಿಗೆ ಬೇಕಿರುವುದು ಕಾಳಿನ ಹುಳಿ, ಮೊಸರು, ತಿನ್ನುವವರಾದರೆ ಮೊಟ್ಟೆ. ವಯಸ್ಸಾದವರಿಗೆ ದೇಹತೂಕದ ಪ್ರತಿ ಕಿಲೊಗೆ ದಿನಕ್ಕೆ ಒಂದರಿಂದ 1.2 ಗ್ರಾಂ ಪ್ರೊಟೀನ್ ಬೇಕೆಂಬುದು ಸಾಮಾನ್ಯ ಸಲಹೆ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳಿ ಪ್ರಮಾಣ ಗೊತ್ತುಮಾಡಿಕೊಳ್ಳಬೇಕು. ನಾವು ತೂಕದ ಆ ಪುಟವನ್ನೇ ಆ್ಯಪ್‌ನಲ್ಲಿ ಮರೆಮಾಡಿದ್ದೇವೆ.

ಹೃದಯ ಬಡಿತದ ವಿಭಾಗವನ್ನು ಹೆಚ್ಚು ಚರ್ಚಿಸಬೇಕಿಲ್ಲ. ಬಡಿತ ತಗ್ಗಿಸುವ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ವಯಸ್ಸಿನ ಲೆಕ್ಕದಿಂದ ಬರುವ ‘ಕೊಬ್ಬು ಕರಗಿಸುವ ವಲಯ’ ಮೊದಲಾದ ಪಟ್ಟಿಗಳು ಅರ್ಥಹೀನ. ನಡೆಯುವಾಗ ಮಾತನಾಡಲು ಆಗುತ್ತದೆಯೇ ಎಂದು ನೋಡುವುದೇ ಅವರಿಗೆ ಸಾಕು.

ಇನ್ನು, ಕೆಲವು ಗಡಿಯಾರಗಳು ಮತ್ತು ಉಂಗುರಗಳು ಸೂಜಿ ಚುಚ್ಚದೆಯೇ ಶುಗರ್ ಹೇಳುತ್ತೇವೆಂದು ಜಾಹೀರಾತು ಕೊಡುತ್ತವೆ. ಅಂಥ ಯಾವ ಗಡಿಯಾರಕ್ಕಾಗಲಿ ಉಂಗುರಕ್ಕಾಗಲಿ ತಾನು ಅನುಮತಿ ಕೊಟ್ಟಿಲ್ಲ, ಅವನ್ನು ನಂಬಿ ಔಷಧದ ಪ್ರಮಾಣ ಬದಲಿಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತು. ಇನ್ಸುಲಿನ್ ಅಥವಾ ಶುಗರ್ ತೀರಾ ಇಳಿಸಬಲ್ಲ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವ ಹಿರಿಯರು ವ್ಯಾಯಾಮಕ್ಕೆ ಮೊದಲು ನೋಡಬೇಕಾದದ್ದು ಬ್ಯಾಂಡನ್ನಲ್ಲ, ಗ್ಲುಕೋಮೀಟರನ್ನು. ಅದು 90ಕ್ಕಿಂತ ಕೆಳಗಿದ್ದರೆ ಏನಾದರೂ ತಿಂದು ಆಮೇಲೆ ನಡೆಯಬೇಕು. 70ಕ್ಕಿಂತ ಇಳಿದರೆ ‘ಲೋ’ ಆಯಿತೆಂದೇ ಅರ್ಥ, ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಟ್ಟು ಕಾಲುಗಂಟೆಯ ನಂತರ ಮತ್ತೆ ಪರೀಕ್ಷಿಸಬೇಕು. ಇಂಥವರಿಗೆ ಶುಗರಿನ ಮೂರು ತಿಂಗಳ ಸರಾಸರಿಯನ್ನು (ಶೇಕಡಾ ಲೆಕ್ಕದಲ್ಲಿ ಹೇಳುವ HbA1c ಪರೀಕ್ಷೆಯ ಅಂಕಿ) ಏಳರೊಳಗೆ ತರಲೇಬೇಕೆಂಬ ಹಟವೂ ಬೇಡ. ಹಲವು ಕಾಯಿಲೆಗಳ ಜೊತೆ ಬದುಕುವ ವಯಸ್ಸಾದವರಿಗೆ ಎಂಟರೊಳಗೆ ಇದ್ದರೆ ಸಾಕೆಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಮಾರ್ಗಸೂಚಿಯೇ ಹೇಳುತ್ತದೆ, ಏಕೆಂದರೆ ಅವರ ಪಾಲಿಗೆ ಶುಗರ್ ಸ್ವಲ್ಪ ಹೆಚ್ಚಿರುವುದಕ್ಕಿಂತ ಇದ್ದಕ್ಕಿದ್ದಂತೆ ಇಳಿದು ಬಿದ್ದು ಸೊಂಟದ ಮೂಳೆ ಮುರಿಯುವುದು ದೊಡ್ಡ ಕೇಡು.

ಇಷ್ಟೆಲ್ಲ ಹೇಳಿದ ಮೇಲೂ ಬ್ಯಾಂಡನ್ನು ನಾವು ಮೂಲೆಗೆ ಹಾಕಿಲ್ಲ. ಒಂದು ಗಂಟೆ ಅಲುಗಾಡದೆ ಕುಳಿತರೆ ಅದು ಮಣಿಕಟ್ಟಿನಲ್ಲಿ ನಡುಗುತ್ತದೆ. ಅತ್ತೆಯವರು ಎದ್ದು ನಿಲ್ಲುತ್ತಾರೆ, ಕಿಟಕಿಯವರೆಗೆ ಹೋಗಿಬರುತ್ತಾರೆ. ನಾನು ‘ಏಳಿ ಅತ್ತೆ’ ಎಂದರೆ ಆಗುವ ಬೇಸರ ಅದರ ನಡುಕದಿಂದ ಆಗುವುದಿಲ್ಲ. ಊಟವಾದ ಮೇಲಿನ ಹೊತ್ತಿಗೆ ಇನ್ನೊಂದು ಅಲಾರಂ ಇಟ್ಟಿದ್ದೇವೆ. ಊಟದ ನಂತರ ಹದಿನೈದು ನಿಮಿಷದಂತೆ ದಿನಕ್ಕೆ ಮೂರು ಸಲ ನಡೆಯುವುದು, ಒಂದೇ ಸಲ ಮುಕ್ಕಾಲು ಗಂಟೆ ನಡೆದಷ್ಟೇ ಫಲ ಕೊಡುತ್ತದೆ, ರಾತ್ರಿಯೂಟದ ನಂತರದ ಶುಗರ್ ತಗ್ಗಿಸಲು ಅದಕ್ಕಿಂತಲೂ ಮೇಲು ಎಂದು 2013ರಲ್ಲಿ ಹಿರಿಯರ ಸಣ್ಣ ಗುಂಪೊಂದರಲ್ಲಿ ಕಂಡುಬಂದಿತ್ತು. ಹದಿನೈದು ನಿಮಿಷ ಆಗದವರು ಐದೇ ನಿಮಿಷ ನಡೆಯಲಿ. ನಿದ್ರೆಯ ದಾಖಲೆಯೂ ಬೇರೆ ರೀತಿಯಲ್ಲಿ ಉಪಯೋಗಕ್ಕೆ ಬಂತು. ಗಾಢನಿದ್ರೆ ಎಷ್ಟು ಎಂಬ ಅದರ ಅಂದಾಜನ್ನು ನಾನು ನಂಬುವುದಿಲ್ಲ, ಆದರೆ ರಾತ್ರಿ ಅವರು ಮೂತ್ರಕ್ಕೆಂದು ಎಷ್ಟು ಸಲ ಎದ್ದರೆಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆ ಸಂಖ್ಯೆ ಏರಿದ ವಾರ ಶುಗರ್ ಕೂಡ ಏರಿತ್ತು. ವೈದ್ಯರು ಮಾತ್ರೆ ಬದಲಿಸಿದರು, ನಾವು ಬಚ್ಚಲಿನ ದಾರಿಗೆ ರಾತ್ರಿದೀಪ ಹಾಕಿಸಿದೆವು.

ಕೊಳ್ಳುವವರು ಗಮನಿಸಬೇಕಾದ ಇನ್ನೊಂದು ಕೊರತೆ, ಬಿದ್ದರೆ ಮನೆಯವರಿಗೆ ತಾನೇ ತಿಳಿಸುವ ಸೌಲಭ್ಯ ಈ ಬೆಲೆಯ ಬ್ಯಾಂಡ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆ್ಯಪಲ್ ಗಡಿಯಾರದಲ್ಲಿ 2018ರಿಂದ ಅದು ಇದೆ, ಬೆಲೆ ಮಾತ್ರ ಹತ್ತು ಪಟ್ಟಿಗೂ ಹೆಚ್ಚು, ದಿನದಿನವೂ ಚಾರ್ಜ್ ಮಾಡಬೇಕು. ಒಬ್ಬರೇ ಇರುವ ಹಿರಿಯರಿಗಾದರೆ ಆ ಖರ್ಚನ್ನು ಯೋಚಿಸಬಹುದು.

ಕಾಲಿನ ಬಲ ಹೆಚ್ಚಿತೇ ಎಂಬುದನ್ನಂತೂ ಯಾವ ಬ್ಯಾಂಡೂ ನಮಗೆ ಹೇಳಲಿಲ್ಲ. ಅಮೆರಿಕದಲ್ಲಿ 70ರಿಂದ 89 ವರ್ಷದ 1,635 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಲೈಫ್ ಅಧ್ಯಯನದಲ್ಲಿ, ನಡಿಗೆಯ ಜೊತೆ ಕಾಲಿನ ಬಲ ಮತ್ತು ಸಮತೋಲನದ ವ್ಯಾಯಾಮ ಮಾಡಿದವರಲ್ಲಿ 400 ಮೀಟರ್ ನಡೆಯಲಾಗದ ಸ್ಥಿತಿಗೆ ಬಂದವರು ನೂರಕ್ಕೆ ಸುಮಾರು 30, ಆರೋಗ್ಯದ ಪಾಠ ಮಾತ್ರ ಕೇಳಿದವರಲ್ಲಿ 35ಕ್ಕೂ ಹೆಚ್ಚು. ನಮ್ಮ ಮನೆಗೆ ಬರುವ ಫಿಸಿಯೋಥೆರಪಿಸ್ಟ್ ಅದಕ್ಕೆಂದೇ ಎರಡು ಅಳತೆ ಹೇಳಿಕೊಟ್ಟಿದ್ದಾರೆ. ಕೈಯೂರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹದಿನೈದು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಸಾಲದು. ನಾಲ್ಕು ಮೀಟರ್ ನಡೆಯಲು ಐದು ಸೆಕೆಂಡಿಗಿಂತ ಹೆಚ್ಚು ಬೇಕಾದರೆ ನಡಿಗೆ ನಿಧಾನ. ಎರಡನ್ನೂ ಪಕ್ಕದಲ್ಲೊಬ್ಬರು ನಿಂತು, ಗೋಡೆಗೆ ಒತ್ತಿಟ್ಟ ಕುರ್ಚಿಯಲ್ಲಿ, ಚಪ್ಪಲಿ ಹಾಕಿಕೊಂಡೇ ಮಾಡಿಸಬೇಕು. ಫೋನಿನ ಗಡಿಯಾರ ಸಾಕು, ಬೇರೆ ಖರ್ಚಿಲ್ಲ. ಈ ಎರಡು ಅಂಕಿಗಳನ್ನು, ತೂಕವನ್ನು, ಗ್ಲುಕೋಮೀಟರಿನ ಅಂಕಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇವೆ. ವೈದ್ಯರು ಆ್ಯಪ್‌ನ ಬಣ್ಣದ ಚಿತ್ರಗಳನ್ನು ಸೌಜನ್ಯಕ್ಕೆಂದು ನೋಡಿ, ಓದುವುದು ಆ ನೋಟ್‌ಬುಕ್ಕನ್ನೇ. ಬ್ಯಾಂಡಿಗೆ ಐದರಲ್ಲಿ ಎರಡೂವರೆ ಅಂಕ. ಅದರಲ್ಲಿ ಎರಡು ಆ ಗಂಟೆಗೊಮ್ಮೆಯ ನಡುಕಕ್ಕೆ, ಉಳಿದ ಅರ್ಧ ವಾರಕ್ಕೊಮ್ಮೆ ಚಾರ್ಜ್ ಮಾಡಿದರೆ ಸಾಲುವ ಅದರ ಬ್ಯಾಟರಿಗೆ.