ಹಳೆಯ ಪೋರ್ಷೆಗೆ ಹಗುರ ಬಾನೆಟ್: ಐದು ಸಂಜೆಯ ಲೆಕ್ಕ

ಮನೆಯ ತೂಕದ ಯಂತ್ರದ ಮೇಲೆ ಹಳೆಯ ಉಕ್ಕಿನ ಬಾನೆಟ್ಟನ್ನು ತಬ್ಬಿಕೊಂಡು ನಿಂತೆ. ನನ್ನ ತೂಕ ಕಳೆದರೆ 21 ಕಿಲೋ. ಹೊಸ ಫೈಬರ್‌ಗ್ಲಾಸ್ ಬಾನೆಟ್ ಹಿಡಿದು ನಿಂತಾಗ ಹತ್ತೂವರೆ.

ಕಾರು 1987ರ ಪೋರ್ಷೆ 944. ಇಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ, ತೂಕ ಎರಡೂ ಕಡೆಗೆ ಹೆಚ್ಚುಕಡಿಮೆ ಸಮ. ಹನ್ನೆರಡೂವರೆ ಕ್ವಿಂಟಾಲ್ ಮೀರಿದ ಕಾರಿನಲ್ಲಿ ಹತ್ತು ಕಿಲೋ ಶೇಕಡಾ ಒಂದೂ ಆಗುವುದಿಲ್ಲ, ನಿಜ. ಆದರೆ ಅದು ಇಂಜಿನ್ನಿನ ನೆತ್ತಿಯ ಮೇಲೆ, ಎತ್ತರದಲ್ಲಿ ಕೂತ ತೂಕ. ತೆಗೆದರೆ ಅಲ್ಲಿಯದನ್ನೇ ಮೊದಲು ತೆಗೆಯಬೇಕು ಎಂಬುದು ನನ್ನ ಹಟ.

ಕಾರ್ಬನ್ ಫೈಬರ್ ಏಕೆ ಬೇಡ ಎಂದರೆ, ನಾನು ನೋಡಿದ ಅಗ್ಗದವುಗಳಲ್ಲಿ ಮೇಲೆ ಒಂದೇ ಪದರ ಕಾರ್ಬನ್, ಅಡಿಯಲ್ಲೆಲ್ಲ ಫೈಬರ್‌ಗ್ಲಾಸೇ. ಕ್ಯಾಲಿಫೋರ್ನಿಯಾದ ಬಿಸಿಲಿಗೆ ಆ ಹೊಳಪು ಕೆಲವೇ ವರ್ಷಗಳಲ್ಲಿ ಹಳದಿಗೆ ತಿರುಗುತ್ತದೆ. ಇನ್ನು ಫೈಬರ್‌ಗ್ಲಾಸ್‌ನಲ್ಲೂ ಎರಡು ಬಗೆ. ಒಂದೇ ಪದರದ್ದು ಬಹಳ ಹಗುರ. ಆದರೆ ಅದಕ್ಕೆ ಕೀಲಿಲ್ಲ, ಬಾನೆಟ್ಟನ್ನು ಬಿಗಿಹಿಡಿಯುವ ಪಿನ್ ಬಿಚ್ಚಿ ಇಬ್ಬರು ಎತ್ತಿ ಪಕ್ಕಕ್ಕಿಡಬೇಕು. ಇನ್ನೊಂದಕ್ಕೆ ಒಳಗಡೆ ಚೌಕಟ್ಟು ಇರುತ್ತದೆ. ಕಾರಿನ ಮೂಲ ಕೀಲು, ಮೂಲ ಕೊಂಡಿ ಎರಡೂ ಕೂರುತ್ತವೆ. ಸೋಮವಾರ ಕಚೇರಿಗೂ ಇದೇ ಕಾರಿನಲ್ಲಿ ಹೋಗುವವನು ನಾನು, ಚೌಕಟ್ಟಿನದನ್ನೇ ತರಿಸಿದೆ. 480 ಡಾಲರ್, ಲಾರಿ ಬಾಡಿಗೆ ಬೇರೆ 210.

ಬಂದ ಪೆಟ್ಟಿಗೆಯ ಒಂದು ಮೂಲೆ ಜಜ್ಜಿಹೋಗಿತ್ತು. ಸಹಿ ಹಾಕುವ ಮೊದಲೇ ಅದನ್ನು ರಸೀದಿಯಲ್ಲಿ ಬರೆಸಿ ಫೋಟೋ ತೆಗೆದದ್ದರಿಂದ ಮಾರಿದವರು ತಕರಾರಿಲ್ಲದೆ 60 ಡಾಲರ್ ಹಿಂದಿರುಗಿಸಿದರು. ನೀವೂ ಹೀಗೆಯೇ ಮಾಡಿ.

ಬಾನೆಟ್ ಕೈಗೆ ಬಂದ ಕೂಡಲೇ ಮಗುಚಿ ಹಾಕಿ ಅಡಿಭಾಗ ನೋಡಿ. ನೇಯ್ದ ಬಟ್ಟೆಯ ಎಳೆ ಸ್ಪಷ್ಟವಾಗಿ ಕಂಡರೆ ಒಳ್ಳೆಯ ಕೆಲಸ. ಎಳೆಗಳನ್ನು ಅಂಟಿಸುವ ರಾಳ ಅಲ್ಲಲ್ಲಿ ಮಡುಗಟ್ಟಿ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಬಲವಲ್ಲ, ಬರೀ ತೂಕ, ಮೇಲಾಗಿ ಬೇಗ ಬಿರುಕು ಬಿಡುತ್ತದೆ. ಆಮೇಲೆ ಒಂದು ನಾಣ್ಯ ಹಿಡಿದು ಗೇಣು ಗೇಣಿಗೂ ತಟ್ಟುತ್ತ ಹೋಗಿ. ಗಟ್ಟಿ ಜಾಗ ಟಣ್ ಎನ್ನುತ್ತದೆ. ಪದರಗಳ ನಡುವೆ ಗಾಳಿ ಸಿಕ್ಕಿಕೊಂಡ ಜಾಗ ಒಣ ಕುಂಬಳಕಾಯಿಯಂತೆ ಟೊಳ್ಳು ಸದ್ದು ಮಾಡುತ್ತದೆ. ನನ್ನದರಲ್ಲಿ ಅಂಥ ಜಾಗ ಒಂದೇ ಇತ್ತು, ಬಲಗಡೆ ಅಂಚಿನ ಹತ್ತಿರ, ಹೆಬ್ಬೆರಳಿನಗಲ.

ಜೋಡಿಸುವಾಗ ಜೊತೆಗಿದ್ದವರು ನಮ್ಮ ಮಾವನವರು. ಹಾಸನದ ಬಸ್ ಡಿಪೋದಲ್ಲಿ ಬಾಡಿ ಕೆಲಸ ಮಾಡಿ ನಿವೃತ್ತರಾದವರು, ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದರು. ನಾನು ಸ್ಪ್ಯಾನರ್ ತೆಗೆದುಕೊಳ್ಳುವಷ್ಟರಲ್ಲಿ, "ಮೊದಲು ಸಂದು ನೋಡಿ ಅಳಿಯಂದಿರೇ, ಬೋಲ್ಟು ಎಲ್ಲಿಗೂ ಓಡಿಹೋಗುವುದಿಲ್ಲ" ಎಂದು ತಡೆದರು. ಒಳಗೆ ಹೋಗಿ ಇಸ್ಪೀಟು ಕಟ್ಟು ತಂದರು. ಬಾನೆಟ್ಟಿಗೂ ಮಡ್‌ಗಾರ್ಡಿಗೂ ನಡುವೆ ಎಲೆಗಳನ್ನು ಒಂದೊಂದಾಗಿ ಸೇರಿಸುತ್ತ ಎಣಿಸಿದರು: ಎಡಗಡೆ ಹದಿನೇಳು, ಬಲಗಡೆ ಒಂಬತ್ತು. ಎರಡೂ ಕಡೆ ಹದಿಮೂರಕ್ಕೆ, ಅಂದರೆ ನಾಲ್ಕು ಮಿಲಿಮೀಟರ್ ಹತ್ತಿರಕ್ಕೆ ತರುವುದರಲ್ಲಿ ಮೂರು ಸಂಜೆ ಕಳೆದವು. ಕೀಲಿನ ತೂತುಗಳನ್ನು ಅಗಲಿಸಿದೆವು, ಬಲ ಅಂಚನ್ನು ಉಜ್ಜಿದೆವು, ಮತ್ತೆ ಕೂರಿಸಿದೆವು, ಮತ್ತೆ ಎಣಿಸಿದೆವು. ಉಜ್ಜುವಾಗ ಮುಖಕ್ಕೆ ಒಳ್ಳೆಯ ಮಾಸ್ಕ್, ಕನ್ನಡಕ, ತುಂಬು ತೋಳಿನ ಅಂಗಿ ಇರಲೇಬೇಕು. ಆ ದೂಳು ಚರ್ಮಕ್ಕೆ ಹತ್ತಿದರೆ ರಾತ್ರಿಯಿಡೀ ತುರಿಕೆ, ತಣ್ಣೀರಿನಲ್ಲೇ ತೊಳೆಯಿರಿ.

ಒಂದು ತಪ್ಪು ನನ್ನಿಂದಲೇ ಆಯಿತು. ಹಳೆಯ ಗ್ಯಾಸ್ ಸ್ಟ್ರಟ್‌ಗಳನ್ನು, ಅಂದರೆ ಬಾನೆಟ್ಟನ್ನು ಎತ್ತಿ ಹಿಡಿಯುವ ಅನಿಲ ತುಂಬಿದ ದಂಡಗಳನ್ನು, ಹಾಗೆಯೇ ಹಾಕಿದೆ. ಅವು ಉಕ್ಕಿನ ಭಾರ ಎತ್ತಲೆಂದು ಮಾಡಿದವು. ಮುಚ್ಚಲು ಒತ್ತಿದಾಗ ಬಾನೆಟ್ ಇಳಿಯುವ ಬದಲು ಕೀಲಿನ ಬಳಿ ಬಿಲ್ಲಿನಂತೆ ಬಾಗಿತು, ಮೇಲ್ಪದರದಲ್ಲಿ ಕೂದಲೆಳೆಯಂಥ ಬಿರುಕು ಮೂಡಿತು. ಅಂದೇ ಸ್ಟ್ರಟ್ ಎರಡನ್ನೂ ಕಳಚಿ, ಒಂದು ಅಲ್ಯೂಮಿನಿಯಂ ಕೋಲನ್ನು ಆಸರೆಗೆ ಇಟ್ಟುಕೊಂಡೆ. ಮಾರಿದವರು ಇದೊಂದು ಮಾತನ್ನು ಚೀಟಿಯಲ್ಲಿ ಬರೆದು ಕಳಿಸಬಹುದಿತ್ತು. ಸಾಮಾನು ಚೆನ್ನಾಗಿದೆ, ಆದರೆ ಸೂಚನೆಯೇ ಇಲ್ಲದ್ದು ದೊಡ್ಡ ಕೊರತೆ.

ಹೆದ್ದಾರಿಯಲ್ಲಿ ಗಂಟೆಗೆ 110 ಕಿಲೋಮೀಟರ್ ದಾಟಿದಾಗ ಮುಂದಿನ ಎಡ ಮೂಲೆ ನಡುಗುವುದು ಕಣ್ಣಿಗೆ ಕಾಣುತ್ತಿತ್ತು. ಮೂಲ ಕೊಂಡಿಯೊಂದನ್ನೇ ನಂಬುವುದು ಬೇಡ. ಬಾನೆಟ್ ಮೇಲೆದ್ದು ಗಾಜಿಗೆ ಬಡಿದರೆ ಎದುರಿನ ದಾರಿಯೇ ಮುಚ್ಚಿಹೋಗುತ್ತದೆ. ಎರಡೂ ಮೂಲೆಗೆ ಪಿನ್ ಹಾಕಿದೆ: ತೂತು ಕೊರೆಯುವ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, ಮೇಲ್ಪದರದ ಕಡೆಯಿಂದ ಸಣ್ಣ ಬಿಟ್ಟಿನಲ್ಲಿ ಶುರುಮಾಡಿ, ಅಡಿಗೆ ಅಗಲವಾದ ವಾಷರ್ ಕೊಟ್ಟು. ನಡುಕ ನಿಂತಿತು.

ಆಮೇಲೆ ಲಗುನಾ ಸೆಕಾದಲ್ಲಿ ಒಂದು ದಿನ ಓಡಿಸಿದೆ. ಹನ್ನೊಂದು ತಿರುವಿನ ಆ ಟ್ರ್ಯಾಕಿನಲ್ಲಿ ಸಮಯ ಕಡಿಮೆಯಾಯಿತೆಂದು ಹೇಳಲಾರೆ, ಹತ್ತು ಕಿಲೋಗೆ ಅದು ತಿಳಿಯುವುದೂ ಇಲ್ಲ. ಎರಡನೆಯ ತಿರುವಿಗೆ ಬ್ರೇಕ್ ಒತ್ತಿ ಇಳಿಯುವಾಗ ಮೂತಿ ತುಸು ಬೇಗ ತಿರುಗಿತೆಂದು ನನಗೆ ಅನ್ನಿಸಿತು, ಅಷ್ಟೇ. ಬಾನೆಟ್ ಮಾತ್ರ ಮಿಸುಕಲಿಲ್ಲ.

ಬಣ್ಣ ಇನ್ನೂ ಹೊಡೆಸಿಲ್ಲ. ಕಪ್ಪು ಮೇಲ್ಪದರದಲ್ಲೇ ಬಿಸಿಲಿಗೆ ನಿಲ್ಲಿಸುತ್ತಿದ್ದೇನೆ. ರಾಳ ಪೂರ್ತಿ ಹದಗೊಳ್ಳುವ ಮೊದಲು ಬಣ್ಣ ಕೊಟ್ಟರೆ ಅಡಿಯ ನೇಯ್ಗೆ ಮೇಲೆ ಮೂಡಿ ಕಾಣುತ್ತದೆ. ಆ ಬಿರುಕಿನ ಎರಡು ತುದಿಗೂ ಬಿಳಿ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದೇನೆ. ಮೂರು ತಿಂಗಳಾಯಿತು, ಗೆರೆ ದಾಟಿಲ್ಲ. ಊರಿನಿಂದ ಫೋನ್ ಮಾಡಿದಾಗಲೆಲ್ಲ ಮಾವನವರು ಮೊದಲು ಕೇಳುವುದು ಅದನ್ನೇ.